ತಾಂಡಾ ಮಕ್ಕಳ ಶಿಕ್ಷಣದಲ್ಲಿ ಸಮುದಾಯ ರಂಗಭೂಮಿ ಮತ್ತು ಕಥನ: ಚಿಂಚೋಳಿ ತಾಲ್ಲೂಕು

ಹಿನ್ನೆಲೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ತೆಲಂಗಾಣದ ಗಡಿಗೆ ಹೊಂದಿಕೊಂಡಿದೆ. ಕೊಂಚಾವರಂ ಅರಣ್ಯ ಪ್ರದೇಶವೂ ಸೇರಿದಂತೆ ತಾಲ್ಲೂಕಿನ ಹಲವೆಡೆ ಬಂಜಾರ (ಲಂಬಾಣಿ) ತಾಂಡಾಗಳಿವೆ. ಕರ್ನಾಟಕದಲ್ಲಿ ಈ ಸಮುದಾಯವು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ತಾಂಡಾದ ಮನೆಮಾತು ಗೋರ್ ಬೋಲಿ. ಶಾಲೆಯ ಮಾತು ಕನ್ನಡ. ಒಂದನೆಯ ತರಗತಿಗೆ ಬಂದ ಮಗು ಮಾತು ಅರ್ಥವಾಗದೆ ಮೌನವಾಗಿ ಕುಳಿತರೆ, ಆ ಮೌನವನ್ನು ದಡ್ಡತನವೆಂದು ಭಾವಿಸುವ ಅಪಾಯವಿದೆ. ಕಥೆ ಮತ್ತು ನಾಟಕ ಈ ಅಂತರವನ್ನು ಕಡಿಮೆ ಮಾಡುತ್ತವೆ.

ತಾಂಡಾದ ಕಥನ ಸಂಪತ್ತು

ಗೋರ್ ಬೋಲಿಗೆ ಸರ್ವಮಾನ್ಯವಾದ ಸ್ವಂತ ಲಿಪಿಯಿಲ್ಲ; ಸಮುದಾಯದ ತಿಳಿವಳಿಕೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಹರಿದುಬಂದಿದೆ. ಸಂತ ಸೇವಾಲಾಲರ ಕಥೆಗಳು, ಹೋಳಿಯ ಲೆಂಗಿ ಹಾಡುಗಳು, ಕನ್ಯೆಯರು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸುವ ತೀಜ್ ಹಬ್ಬದ ಹಾಡುಗಳು ಇದರಲ್ಲಿ ಪ್ರಮುಖವಾದವು.

ತರಗತಿಯಲ್ಲಿ ಬಳಸುವ ಕ್ರಮ

1. ತಾಂಡಾದ ಹಿರಿಯರು ಗೋರ್ ಬೋಲಿಯಲ್ಲಿ ಕಥೆ ಹೇಳುವುದು.
2. ಮಕ್ಕಳು ಅದನ್ನು ತಮ್ಮ ಮಾತಿನಲ್ಲೇ ಅಭಿನಯಿಸುವುದು.
3. ಅದೇ ದೃಶ್ಯವನ್ನು ಶಿಕ್ಷಕರ ನೆರವಿನಿಂದ ಕನ್ನಡದಲ್ಲಿ ಆಡುವುದು.
4. ಆಡಿದ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಓದುವುದು.

ಅರ್ಥ ಮೊದಲೇ ತಿಳಿದಿರುವುದರಿಂದ ಮಗುವಿಗೆ ಹೊಸ ಪದ ಕಲಿಯುವುದಷ್ಟೇ ಉಳಿಯುತ್ತದೆ. ಹಾಸ್ಯಕ್ಕಾಗಿ ಸಮುದಾಯದ ಉಡುಪನ್ನಾಗಲಿ ಮಾತನ್ನಾಗಲಿ ಅಣಕಿಸುವುದು ಸಲ್ಲದು.

ರಾಜ್ಯದ ಪೂರ್ವ ನಿದರ್ಶನ

ಸಮುದಾಯವೇ ರಂಗಕ್ಕೆ ಬಂದ ನಿದರ್ಶನ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರು, ಚಿನುವ ಅಚಿಬೆಯವರ ಕಾದಂಬರಿಯನ್ನು ಆಧರಿಸಿದ ಕನ್ನಡ ನಾಟಕವನ್ನು ಅಭಿನಯಿಸಿದರು. ಮುಂದೆ ಸಿದ್ದಿ ಸಮುದಾಯದಿಂದ ಹಲವು ರಂಗಕಲಾವಿದರು ಬಂದರು.

ಕಾನೂನಿನ ಅವಕಾಶ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 29ನೇ ಪ್ರಕರಣದ ಪ್ರಕಾರ, ಬೋಧನೆಯು ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು. ಕಲಿಕೆಯು ಚಟುವಟಿಕೆಗಳ ಮೂಲಕ ಮಗುಸ್ನೇಹಿಯಾಗಿ ನಡೆಯಬೇಕು. 21ನೇ ಪ್ರಕರಣದಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರು ಮತ್ತು ಒಟ್ಟು ಅರ್ಧದಷ್ಟು ಮಹಿಳೆಯರಿರಬೇಕು.

ಪೋಷಕರ ಗಮನಕ್ಕೆ

ಕಥೆ ಹೇಳಬಲ್ಲ ಹಿರಿಯರನ್ನು ಶಾಲೆಗೆ ಆಹ್ವಾನಿಸುವಂತೆ ಪೋಷಕರು ಮುಖ್ಯೋಪಾಧ್ಯಾಯರಿಗೆ ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಲಿಖಿತ ಮನವಿ ಸಲ್ಲಿಸಬಹುದು. ಬರೆಯಲು ಬಾರದವರು ಸಮಿತಿಯ ಸಭೆಯಲ್ಲಿ ಮೌಖಿಕವಾಗಿ ತಿಳಿಸಿ, ಅದನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೋರಬಹುದು. ದುಡಿಮೆಗಾಗಿ ವಲಸೆ ಹೋಗಿ ಮರಳಿದ ಕುಟುಂಬದ ಮಗುವಿಗೆ, ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.