ಮಂಗನ ಕಾಯಿಲೆಯ ಉಣುಗು: ಇಲಿಯಿಂದ ದನದವರೆಗೆ

ಮಲೆನಾಡಿನಲ್ಲಿ ಉಣುಗು ಅಥವಾ ಉಣ್ಣೆ ಎಂದು ಕರೆಯಲಾಗುವ ರಕ್ತಹೀರುಕ ಜೀವಿಗಳಲ್ಲಿ ಹಲವು ಪ್ರಭೇದಗಳಿವೆ. ಇವುಗಳ ಪೈಕಿ ಕ್ಯಾಸನೂರು ಅರಣ್ಯ ಕಾಯಿಲೆಯ ಪ್ರಮುಖ ವಾಹಕ ಹೆಮಾಫೈಸಾಲಿಸ್ ಸ್ಪಿನಿಜೆರಾ. ಜನರ ಬಾಯಲ್ಲಿ ಈ ರೋಗ 'ಮಂಗನ ಕಾಯಿಲೆ'ಯಾಗಿಯೇ ಉಳಿದಿದೆ. ಆದರೆ ಉಣುಗಿನ ಬದುಕಿನಲ್ಲಿ ಮಂಗ ಹಲವು ಆಶ್ರಯಜೀವಿಗಳಲ್ಲಿ ಒಂದು ಮಾತ್ರ.

ಉಣುಗು ಕೀಟವಲ್ಲ. ಜೇಡ, ಚೇಳುಗಳಂತೆ ಅರಾಕ್ನಿಡಾ ವರ್ಗಕ್ಕೆ ಸೇರಿದ ಜೀವಿ. ಬೆನ್ನ ಮೇಲೆ ಗಟ್ಟಿ ಫಲಕವುಳ್ಳ ಉಣುಗುಗಳ ಕುಟುಂಬ ಇಕ್ಸೋಡಿಡೇ. ಗಂಡಿನಲ್ಲಿ ಈ ಫಲಕ ಇಡೀ ಬೆನ್ನನ್ನು ಮುಚ್ಚಿದರೆ, ಹೆಣ್ಣಿನಲ್ಲಿ ಮುಂಭಾಗವನ್ನಷ್ಟೇ ಮುಚ್ಚುತ್ತದೆ. ಹಾಗಾಗಿಯೇ ಹೆಣ್ಣು ರಕ್ತ ಕುಡಿದು ಹಲವು ಪಟ್ಟು ಊದಿಕೊಳ್ಳಬಲ್ಲದು. ಹೆಮಾಫೈಸಾಲಿಸ್ ಕುಲವನ್ನು 1844ರಲ್ಲಿ ಕೋಖ್ ಸ್ಥಾಪಿಸಿದರು. ಸ್ಪಿನಿಜೆರಾ ಪ್ರಭೇದವನ್ನು ಫ್ರಾನ್ಸಿನ ನ್ಯೂಮನ್ 1897ರಲ್ಲಿ ವರ್ಣಿಸಿದರು. ಲ್ಯಾಟಿನ್‌ನಲ್ಲಿ ಈ ಪದಕ್ಕೆ 'ಮುಳ್ಳು ಹೊತ್ತದ್ದು' ಎಂದರ್ಥ. ಈ ಕುಲದ ಉಣುಗುಗಳಿಗೆ ಕಣ್ಣಿಲ್ಲ. ಮುಂಗಾಲಿನಲ್ಲಿರುವ ಸೂಕ್ಷ್ಮ ಇಂದ್ರಿಯದಿಂದ ಪ್ರಾಣಿಯ ವಾಸನೆ, ಉಸಿರನ್ನು ಗ್ರಹಿಸುತ್ತವೆ. ಇದೇ ಕಾಡುಗಳಲ್ಲಿ ಸಿಗುವ ಟರ್ಟುರಿಸ್ ಎಂಬ ಸೋದರ ಪ್ರಭೇದದಲ್ಲಿಯೂ ವೈರಸ್ ಪತ್ತೆಯಾಗಿದೆ. ಎಳೆಯ ಹಂತದಲ್ಲಿ ಪ್ರಭೇದಗಳನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕವೇ ಬೇಕು.

ಸ್ಪಿನಿಜೆರಾ ಮೂರು ಆಶ್ರಯಜೀವಿಗಳ ಉಣುಗು. ಮೊಟ್ಟೆಯೊಡೆದ ಆರು ಕಾಲಿನ ಮರಿ ಕಾಡಿಲಿ, ಮೂಗಿಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ ಮುಂತಾದವುಗಳ ರಕ್ತ ಕುಡಿದು ಉದುರುತ್ತದೆ. ನೆಲದ ಮೇಲೆ ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ಮರಿಯಿದ್ದಾಗ ಹೀರಿದ ವೈರಸ್ ನಿಂಫ್ ಹಂತದಲ್ಲಿಯೂ ಉಳಿದಿರುತ್ತದೆ. ನಿಂಫ್ ಮತ್ತೊಂದು ಸಣ್ಣ ಪ್ರಾಣಿಯನ್ನೋ, ಮಂಗನನ್ನೋ, ಸೌದೆ-ತರಗೆಲೆಗೆಂದು ಕಾಡಿಗೆ ಹೋದ ಮನುಷ್ಯನನ್ನೋ ಹಿಡಿಯುತ್ತದೆ. ಪ್ರೌಢ ಉಣುಗಿಗೆ ಬೇಕಾದುದು ದನ, ಎಮ್ಮೆ, ಕಡವೆಗಳಂತಹ ದೊಡ್ಡ ಪ್ರಾಣಿ. ಅದು ಮನುಷ್ಯನನ್ನು ಕಚ್ಚುವುದು ವಿರಳ.

ಹಾಗಾದರೆ ಮಂಗನ ಪಾತ್ರವೇನು? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ ಹಾಗೂ ಕೋತಿಗಳು ಸಾಯತೊಡಗಿದ್ದರಿಂದಲೇ ರೋಗ ಬೆಳಕಿಗೆ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಪ್ರತ್ಯೇಕಿಸಿದರು. ಸೋಂಕಿತ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಚದುರಿ ಆ ಜಾಗ ಅಪಾಯದ ತಾಣವಾಗುತ್ತದೆ. ಮಂಗನನ್ನು ಮುಟ್ಟದೆಯೂ ಅಲ್ಲಿ ಓಡಾಡಿದವರಿಗೆ ಸೋಂಕು ತಗುಲಬಹುದು. ಮಂಗಗಳನ್ನು ಓಡಿಸಿದರೆ ರೋಗ ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ದನದ ವಿಚಾರ ಇನ್ನೂ ಸೂಕ್ಷ್ಮ. ವೈರಸ್ ಹರಡುವಲ್ಲಿ ದನದ ಪಾತ್ರ ಗಣನೀಯವಲ್ಲ. ಆದರೆ ಪ್ರೌಢ ಉಣುಗುಗಳಿಗೆ ಆಹಾರ ಒದಗಿಸಿ ಅವುಗಳ ಸಂಖ್ಯೆ ಹೆಚ್ಚಲು ಅದೇ ನೆರವಾಗುತ್ತದೆ. ಕಾಡಿನಲ್ಲಿ ದನ ಮೇಯಿಸದೆ ಮಲೆನಾಡಿನ ಬಡ ರೈತನ ಸಂಸಾರ ಸಾಗದು ಎಂಬುದೂ ಅಷ್ಟೇ ನಿಜ.

ಪ್ರೌಢ ಉಣುಗುಗಳು ಮಳೆಗಾಲದಲ್ಲಿ, ಮರಿಗಳು ಮಳೆ ನಿಂತ ಬಳಿಕ ಹೆಚ್ಚುತ್ತವೆ. ನಿಂಫ್‌ಗಳ ಕಾಲ ಸುಮಾರಾಗಿ ನವೆಂಬರ್‌ನಿಂದ ಮೇವರೆಗೆ. ಮನುಷ್ಯರಲ್ಲಿ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇದೇ ತಿಂಗಳುಗಳಲ್ಲಿ.