ಮೆಶ್ ಜಾಲಗಳಲ್ಲಿ ಸೇವಾ ಗುಣಮಟ್ಟದ ರೂಟಿಂಗ್

ವೈರ್‌ಲೆಸ್ ಮೆಶ್ ಜಾಲದಲ್ಲಿ ಎಲ್ಲ ರೂಟರ್‌ಗಳಿಗೂ ಇಂಟರ್ನೆಟ್ ಕೇಬಲ್ ಇರುವುದಿಲ್ಲ. ಕೇಬಲ್ ಇಲ್ಲದ್ದು ತನ್ನ ಪ್ಯಾಕೆಟ್ಟನ್ನು ರೇಡಿಯೊ ಮೂಲಕ ನೆರೆಯದಕ್ಕೆ ದಾಟಿಸುತ್ತದೆ, ಅದು ಮುಂದಿನದಕ್ಕೆ. ಹಲವು ದಾರಿಗಳಿದ್ದಾಗ ಕರೆಯ ದನಿ ತುಂಡಾಗದೆ, ವಿಡಿಯೊ ಸಿಕ್ಕಿಕೊಳ್ಳದೆ ಸಾಗುವಂಥದ್ದನ್ನು ಆರಿಸುವುದೇ ಸೇವಾ ಗುಣಮಟ್ಟದ ರೂಟಿಂಗ್. ದಾರಿಯನ್ನು ಯಾವ ಕೋಲಿನಿಂದ ಅಳೆಯಬೇಕೆಂಬ ತಕರಾರೇ ಬಹುಮಟ್ಟಿಗೆ ಇದರ ಚರಿತ್ರೆ.

1990ರ ದಶಕದ ಡಿಎಸ್‌ಡಿವಿ, ಡಿಎಸ್‌ಆರ್, ಎಒಡಿವಿ ಪ್ರೋಟೊಕಾಲ್‌ಗಳು ರೂಟರ್‌ನಿಂದ ರೂಟರ್‌ಗೆ ಹಾರುವ ಜಿಗಿತಗಳನ್ನು ಎಣಿಸಿದವು. ಕಡಿಮೆ ಜಿಗಿತದ್ದೇ ಒಳ್ಳೆಯ ದಾರಿ. ತಂತಿಯ ಕಾಲದ ಲೆಕ್ಕವಿದು. ತಂತಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ರೇಡಿಯೊ ಕೊಂಡಿಯಾದರೋ ಅರೆಬರೆ ಇರುತ್ತದೆ. ಜಿಗಿತ ಕಡಿಮೆಯಾಗಬೇಕಾದರೆ ಒಂದೊಂದೂ ಉದ್ದವಾಗಬೇಕು, ಉದ್ದದ ಕೊಂಡಿ ಸಾಮಾನ್ಯವಾಗಿ ದುರ್ಬಲ. ಪ್ರೋಟೊಕಾಲ್ ಎಷ್ಟೋ ಸಲ ಹುಡುಕಿ ಹುಡುಕಿ ಕೆಟ್ಟ ದಾರಿಯನ್ನೇ ಹಿಡಿಯುತ್ತಿತ್ತು.

2003ರಲ್ಲಿ ಎಂಐಟಿಯ ಡಿ ಕೌಟೊ, ಅಗ್ವಾಯೊ, ಬಿಕೆಟ್, ಮಾರಿಸ್ ಇದನ್ನು 29 ನೋಡ್‌ಗಳ ಪ್ರಯೋಗ ಜಾಲದಲ್ಲಿ ಅಳೆದು ತೋರಿಸಿ, ಇಟಿಎಕ್ಸ್ ಎಂಬ ಹೊಸ ಅಳತೆ ಕೊಟ್ಟರು. ಪ್ಯಾಕೆಟ್ಟೊಂದನ್ನು ದಾಟಿಸಲು ಸರಾಸರಿ ಎಷ್ಟು ಸಲ ಕಳಿಸಬೇಕಾದೀತು ಎಂಬುದೇ ಅದು. ರೂಟರ್‌ಗಳು ಆಗಾಗ ಚಿಕ್ಕ ಪರೀಕ್ಷಾ ಪ್ಯಾಕೆಟ್ ಬಿಡುತ್ತವೆ, ಎಷ್ಟು ಬಂದು ಮುಟ್ಟಿದವೆಂದು ನೆರೆಯವು ಎಣಿಸುತ್ತವೆ. ಹೋಗುವಾಗ ಹತ್ತಕ್ಕೆ ಐದು, ಮುಟ್ಟಿತೆಂಬ ರಸೀದಿ ಮರಳುವಾಗಲೂ ಐದೇ ಮುಟ್ಟಿದರೆ ಎರಡೂ ಕೂಡಿಬರುವುದು ನಾಲ್ಕರಲ್ಲಿ ಒಮ್ಮೆ, ಇಟಿಎಕ್ಸ್ 4. ನಡುವೆ ಇನ್ನೊಂದು ರೂಟರ್ ಇದ್ದು, ಎರಡು ಕೊಂಡಿಗಳಲ್ಲೂ ಎರಡೂ ದಿಕ್ಕಿಗೆ ಹತ್ತಕ್ಕೆ ಒಂಬತ್ತು ಮುಟ್ಟಿದರೆ ಒಟ್ಟು ಸುಮಾರು 2.5. ಸುತ್ತುದಾರಿಯೇ ಲೇಸು.

ಸರಳ ಅಳತೆ; ಅದಕ್ಕೇ ಬಾಳಿತು. ಬರ್ಲಿನ್ನಿನ ಫ್ರೈಫುಂಕ್ ಸಮುದಾಯದವರು ಮನೆಮಾಳಿಗೆಗಳ ನಡುವೆ ಕಟ್ಟಿದ ಜಾಲದಲ್ಲೂ ಒಎಲ್‌ಎಸ್‌ಆರ್ ಎಂಬ ರೂಟಿಂಗ್ ಪ್ರೋಟೊಕಾಲ್ ಇದನ್ನೇ ನೆಚ್ಚಿತು. ಆದರೆ ಚಿಕ್ಕ ಪರೀಕ್ಷಾ ಪ್ಯಾಕೆಟ್ ನಿಧಾನದ ದರದಲ್ಲಿ ಸಲೀಸಾಗಿ ಮುಟ್ಟುತ್ತದೆ, ದೊಡ್ಡದು ವೇಗದ ದರದಲ್ಲಿ ಎಡವುತ್ತದೆ. ಈ ವ್ಯತ್ಯಾಸ ಇಟಿಎಕ್ಸ್‌ಗೆ ಕಾಣದು. 2004ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಡ್ರೇವ್ಸ್, ಪಾಧ್ಯೆ, ಜಿಲ್ ಕೊಂಡಿಯ ವೇಗವನ್ನೂ ಒಂದೇ ಚಾನೆಲ್ ಮೇಲೆ ಬೀಳುವ ಹೊರೆಯನ್ನೂ ಲೆಕ್ಕಕ್ಕೆ ತಂದು ಡಬ್ಲ್ಯುಸಿಇಟಿಟಿ ರೂಪಿಸಿದರು. 2011ರ 802.11ಎಸ್ ಎಂಬ ವೈ-ಫೈ ಮೆಶ್ ಮಾನಕ, ಪ್ಯಾಕೆಟ್ ಚಾನೆಲ್ಲನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದನ್ನೇ ಅಳತೆ ಮಾಡಿಕೊಂಡಿತು.

ಈ ಅಳತೆಗಳೆಲ್ಲ ದಾರಿಗೆ ಒಂದೇ ಅಂಕಿ ಕೊಡುತ್ತವೆ. ವಿಳಂಬ ಇಷ್ಟರೊಳಗಿರಬೇಕು, ಖರ್ಚೂ ಇಷ್ಟರೊಳಗಿರಬೇಕು ಎಂದು ಎರಡು ಷರತ್ತು ಒಟ್ಟಿಗೆ ಹಾಕಿದರೆ ದಾರಿ ಹುಡುಕುವ ಲೆಕ್ಕವೇ ಎನ್‌ಪಿ-ಕಂಪ್ಲೀಟ್, ಅಂದರೆ ಬೇಗ ಬಿಡಿಸುವ ಸಾಮಾನ್ಯ ವಿಧಾನ ಗೊತ್ತಿಲ್ಲದ್ದು, ಆಗುತ್ತದೆಂದು ವಾಂಗ್ ಮತ್ತು ಕ್ರೌಕ್ರಾಫ್ಟ್ 1996ರಲ್ಲೇ ತೋರಿಸಿದ್ದರು. ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಚಾಳಿಗೆ ಇದೂ ಒಂದು ನೆಪ. ಆ ಅಂಕಿಯೊಳಗೆ ದಟ್ಟಣೆಯನ್ನು ಸೇರಿಸಹೊರಟಾಗ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನ ಹಳೆಯ ಕಾಟ ಮರುಕಳಿಸುತ್ತದೆ: ಖಾಲಿ ದಾರಿ ಕಂಡೊಡನೆ ಎಲ್ಲರೂ ಅತ್ತ ನುಗ್ಗುತ್ತಾರೆ, ಅದು ತುಂಬಿದೊಡನೆ ಎಲ್ಲರೂ ಇತ್ತ ಮರಳುತ್ತಾರೆ.