ಭಾರತದಲ್ಲಿ ಹವಾಮಾನ ರಾಜಕಾರಣ ಮತ್ತು ಜನಸಮುದಾಯಗಳು

ಭೂಮಿಯ ತಾಪ ಏರುತ್ತಿರುವುದಕ್ಕೆ ಯಾರು ಹೊಣೆ, ಅದನ್ನು ತಡೆಯುವ ಖರ್ಚು ಯಾರ ಪಾಲಿಗೆ, ತಡೆಯಲಾಗದ ನಷ್ಟವನ್ನು ಯಾರು ತುಂಬಿಕೊಡಬೇಕು ಎಂಬ ಪ್ರಶ್ನೆಗಳ ಸುತ್ತ ನಡೆಯುವ ಹಗ್ಗಜಗ್ಗಾಟವೇ ಹವಾಮಾನ ರಾಜಕಾರಣ. ಭಾರತದಲ್ಲಿ ಇದು ಎರಡು ಅಂಗಳಗಳಲ್ಲಿ ನಡೆದು ಬಂದಿದೆ. ಒಂದು ವಿಶ್ವಸಂಸ್ಥೆಯ ಸಂಧಾನ ಸಭೆ. ಅಲ್ಲಿ ಭಾರತ ಶ್ರೀಮಂತ ದೇಶಗಳೆದುರು ತಲೆಲೆಕ್ಕದ ನ್ಯಾಯ ಕೇಳುತ್ತದೆ. ಇನ್ನೊಂದು ಹೊಲ, ಕಾಡು, ಕಡಲತೀರ. ಅಲ್ಲಿ ಅದೇ ನ್ಯಾಯವನ್ನು ಜನ ತಮ್ಮ ಸರ್ಕಾರದಿಂದ ಕೇಳುತ್ತಾರೆ. ಹೊರಗಿನ ವಾದವನ್ನು ಭಾರತ ಗಟ್ಟಿಯಾಗಿ ಮಂಡಿಸಿದೆ, ಬಹುಮಟ್ಟಿಗೆ ಒಪ್ಪಿಸಿಯೂ ಇದೆ. ಒಳಗಿನ ವಾದಕ್ಕೆ ಉತ್ತರ ಕೊಡುವಾಗ ಮಾತ್ರ ತಡವರಿಸುತ್ತದೆ.

ಹಿನ್ನೆಲೆ

1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನಕ್ಕೆ ಆತಿಥೇಯ ಸ್ವೀಡನ್ನಿನ ಪ್ರಧಾನಿ ಒಲೋಫ್ ಪಾಲ್ಮೆ ಅವರನ್ನು ಬಿಟ್ಟರೆ ಬಂದ ಸರ್ಕಾರದ ಮುಖ್ಯಸ್ಥರು ಇಂದಿರಾ ಗಾಂಧಿ ಒಬ್ಬರೇ. ಬಡತನವನ್ನು ಪಕ್ಕಕ್ಕಿಟ್ಟು ಪರಿಸರದ ಮಾತು ಆಡಲಾಗದು ಎಂದು ಅವರು ಅಲ್ಲಿ ವಾದಿಸಿದರು. ಭಾರತದ ಮುಂದಿನ ಐವತ್ತು ವರ್ಷಗಳ ನಿಲುವಿಗೆ ಬುನಾದಿ ಬಿದ್ದದ್ದು ಅಂದೇ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಪರಿಸರ ರಕ್ಷಣೆಯನ್ನು ರಾಜ್ಯದ ಹೊಣೆಯಾಗಿಯೂ ಪ್ರಜೆಯ ಕರ್ತವ್ಯವಾಗಿಯೂ ಸೇರಿಸಿತು. ಆಗಿನ್ನೂ ಹವಾಮಾನ ಬದಲಾವಣೆ ವಿಜ್ಞಾನಿಗಳ ವಲಯ ದಾಟಿರಲಿಲ್ಲ. ಅದು ಸರ್ಕಾರಗಳ ಕಡತಕ್ಕೆ ಬಂದದ್ದು 1988ರಲ್ಲಿ, ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ರಚನೆಯಾದಾಗ.

ಗದ್ದೆಯ ಅನಿಲ, ಕಾರಿನ ಹೊಗೆ

1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಹಸಿರುಮನೆ ಅನಿಲ ಉಗುಳುವ ದೇಶಗಳ ಪಟ್ಟಿ ಪ್ರಕಟಿಸಿತು. ಮೊದಲ ಐದರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟದ ಜೊತೆಗೆ ಬ್ರೆಜಿಲ್, ಚೀನಾ, ಭಾರತವೂ ಇದ್ದವು. ಭತ್ತದ ಗದ್ದೆಯಿಂದಲೂ ದನಕರುಗಳ ಹೊಟ್ಟೆಯಿಂದಲೂ ಬರುವ ಮೀಥೇನ್ ಭಾರತದ ಖಾತೆಗೆ ಸೇರಿತ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನಿತಾ ನಾರಾಯಣ್ ಇದನ್ನು ಒಪ್ಪಲಿಲ್ಲ. 1991ರಲ್ಲಿ ಅವರು ತಂದ ಸಣ್ಣ ಪುಸ್ತಕ, 'ಗ್ಲೋಬಲ್ ವಾರ್ಮಿಂಗ್ ಇನ್ ಆ್ಯನ್ ಅನ್‌ಈಕ್ವಲ್ ವರ್ಲ್ಡ್', ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಕಡಲು, ಕಾಡು, ಮಣ್ಣು ಹೀರಿಕೊಳ್ಳುವಷ್ಟು ಅನಿಲದಲ್ಲಿ ಪ್ರತಿ ಮನುಷ್ಯನಿಗೂ ಸಮಪಾಲಿದೆ; ಆ ಪಾಲು ಮೀರಿದವರೇ ಸಾಲಗಾರರು. ಹೊಟ್ಟೆಪಾಡಿಗೆ ಗದ್ದೆ ನೆಡುವವನ ಮೀಥೇನನ್ನೂ ಶೋಕಿಗೆ ಎರಡನೇ ಕಾರು ಓಡಿಸುವವನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅವರ ವಾದದ ಸಾರ ಇಷ್ಟು.

ಗದ್ದೆಯ ಅಂಕಿಯೂ ನಿಲ್ಲಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊರದೇಶದ ಗದ್ದೆಗಳ ಅಳತೆ ಹಿಡಿದು ಭಾರತಕ್ಕೆ ಅಂದಾಜು ಕಟ್ಟಿತ್ತು. 1991ರಲ್ಲಿ ಭೌತವಿಜ್ಞಾನಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ಗದ್ದೆಗಳಲ್ಲೇ ಅಳೆದಾಗ ಸಿಕ್ಕಿದ್ದು ಆ ಅಂದಾಜಿನ ಸುಮಾರು ಹತ್ತರಲ್ಲೊಂದು ಭಾಗ.

1992ರ ರಿಯೊ ಸಮ್ಮೇಳನದಲ್ಲಿ ಸಹಿಗೆ ತೆರೆದುಕೊಂಡ ಹವಾಮಾನ ಒಪ್ಪಂದ ಎಲ್ಲರಿಗೂ ಹೊಣೆಯಿದೆ, ಆದರೆ ಒಂದೇ ಸಮನಾಗಿ ಇಲ್ಲ ಎಂಬ ತತ್ತ್ವವನ್ನು ಬರಹದಲ್ಲಿ ಒಪ್ಪಿತು. 1997ರ ಕ್ಯೋಟೊ ಒಡಂಬಡಿಕೆ ಕಡಿತದ ಕಡ್ಡಾಯವನ್ನು ಮುಂದುವರಿದ ದೇಶಗಳಿಗಷ್ಟೇ ಹಾಕಿತು. 2002ರಲ್ಲಿ ಭಾರತ ಕ್ಯೋಟೊವನ್ನು ಒಪ್ಪಿ, ಅದೇ ವರ್ಷ ಎಂಟನೇ ಹವಾಮಾನ ಸಮ್ಮೇಳನವನ್ನು ದೆಹಲಿಯಲ್ಲಿ ನಡೆಸಿತು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಒಳಗೆ ತಲೆಲೆಕ್ಕದ ನ್ಯಾಯವನ್ನು ಮಂಡಿಸಿದರು. ಸಭಾಂಗಣದ ಹೊರಗೆ ಮೀನುಗಾರರು, ರೈತರು, ಆದಿವಾಸಿಗಳು ಹವಾಮಾನ ನ್ಯಾಯದ ಹೆಸರಿನಲ್ಲಿ ಮೆರವಣಿಗೆ ನಡೆಸಿ ತಮ್ಮದೇ ಘೋಷಣೆ ಹೊರಡಿಸಿದರು. ದೇಶಕ್ಕೆ ಸಲ್ಲಬೇಕಾದ ಪಾಲು ದೇಶದೊಳಗಿನ ಬಡವನಿಗೂ ಸಲ್ಲಬೇಕಲ್ಲ ಎಂಬ ಕೇಳ್ವಿ ರಾಜಧಾನಿಯ ಬೀದಿಯಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಆಗ.

ಬಾಗೇಪಲ್ಲಿಯ ಗೋಬರ್ ಗ್ಯಾಸ್

ಕ್ಯೋಟೊ ಒಂದು ಮಾರುಕಟ್ಟೆಯನ್ನೂ ಹುಟ್ಟುಹಾಕಿತು. ಬಡ ದೇಶದಲ್ಲಿ ಯಾರಾದರೂ ಅನಿಲ ತಗ್ಗಿಸಿದರೆ ಟನ್ನಿಗೊಂದರಂತೆ ಪ್ರಮಾಣಪತ್ರ ಸಿಗುತ್ತದೆ. ಶ್ರೀಮಂತ ದೇಶದವರು ಅದನ್ನು ಕೊಂಡು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಈ ವ್ಯವಸ್ಥೆಯ ಗುಣದೋಷ ತಿಳಿಯಲು ಅಂದಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಲ್ಲಿನ ಕೂಲಿಕಾರರೂ ಸಣ್ಣ ರೈತರೂ ಕಟ್ಟಿಕೊಂಡ ಕೂಲಿ ಸಂಘ, ಅದರ ಬೆನ್ನಿಗಿದ್ದ ಆಡಾಟ್ಸ್ ಸಂಸ್ಥೆಯ ನೆರವಿನಿಂದ, 5,500 ಮನೆಗಳಿಗೆ ಗೋಬರ್ ಗ್ಯಾಸ್ ಹಾಕಿಸುವ ಯೋಜನೆ ರೂಪಿಸಿತು. ಒಂದೊಂದು ತೊಟ್ಟಿಯೂ ಎರಡು ಘನ ಮೀಟರಿನದು. ಮನೆಯ ಸಗಣಿಯೇ ಉರುವಲು. ಸೌದೆಯೂ ಸೀಮೆಎಣ್ಣೆಯೂ ಉಳಿದಷ್ಟು ಇಂಗಾಲದ ಉಳಿತಾಯ. 2005ರಲ್ಲಿ ವಿಶ್ವಸಂಸ್ಥೆಯ ಮಂಡಳಿಯಲ್ಲಿ ಇದು ನೋಂದಣಿಯಾಯಿತು. ಇಡೀ ಯೋಜನೆಗೆ ಲೆಕ್ಕ ಹಾಕಿದ ಉಳಿತಾಯ ವರ್ಷಕ್ಕೆ 20 ಸಾವಿರ ಟನ್ನಿಗೂ ಒಳಗೆ. ಹೊಗೆಯಿಲ್ಲದ ಅಡುಗೆಮನೆ, ಹೊಲಕ್ಕೆ ಸಿಗುವ ಗೊಬ್ಬರದ ಬಗ್ಗಡ, ಸೌದೆ ಹೊರುವ ಶ್ರಮ ಉಳಿದದ್ದು, ಇವು ಯಾವುವೂ ಆ ಲೆಕ್ಕದಲ್ಲಿಲ್ಲ.

ಅದೇ ವರ್ಷ ನೋಂದಣಿಯಾದ ಇನ್ನೊಂದು ಯೋಜನೆ ಗುಜರಾತಿನ ಶೀತಕ ಅನಿಲದ ಕಾರ್ಖಾನೆಯದು. ಅಲ್ಲಿ ಉಪೋತ್ಪನ್ನವಾಗಿ ಹುಟ್ಟುವ ಎಚ್‌ಎಫ್‌ಸಿ-23 ಎಂಬ ಅನಿಲದ ಒಂದು ಟನ್, ಆಗಿನ ಲೆಕ್ಕದಲ್ಲಿ, 11,700 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದನ್ನು ಸುಟ್ಟುಹಾಕಲು ತಗಲುವ ವೆಚ್ಚ ಅತ್ಯಲ್ಪ. ಸಿಗುವ ಪ್ರಮಾಣಪತ್ರ ವರ್ಷಕ್ಕೆ ಸುಮಾರು 30 ಲಕ್ಷ. ಐದೂವರೆ ಸಾವಿರ ಒಲೆಗಳು ನೂರೈವತ್ತು ವರ್ಷ ಉರಿದರೆ ಗಳಿಸುವಷ್ಟನ್ನು ಒಂದು ಕುಲುಮೆ ಒಂದೇ ವರ್ಷದಲ್ಲಿ ಗಳಿಸಿತು. ಸುಡಲು ಸಿಗುವ ಹಣದಾಸೆಗೆ ಇಂಥ ಕಾರ್ಖಾನೆಗಳು ಹೆಚ್ಚು ಅನಿಲ ಹುಟ್ಟಿಸಬಹುದೆಂಬ ಆಕ್ಷೇಪ ಎದ್ದು, ಐರೋಪ್ಯ ಒಕ್ಕೂಟ 2013ರ ಮೇ ತಿಂಗಳಿಂದ ಈ ಬಗೆಯ ಪತ್ರಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಇಡೀ ಮಾರುಕಟ್ಟೆಯ ಬೆಲೆಯೇ ಕುಸಿದಿತ್ತು. ಸಂತೆಗೆ ಬೇಕಿದ್ದದ್ದು ಅಗ್ಗದ ಟನ್ನು. ಅದು ಯಾರ ಮನೆಯ ಟನ್ನು ಎಂದು ಕೇಳುವ ಅಭ್ಯಾಸ ಅದಕ್ಕಿರಲಿಲ್ಲ.

ಕೋಪನ್‌ಹೇಗನ್ ತಿರುವು

2007ರ ನವೆಂಬರ್‌ನಲ್ಲಿ ಗ್ರೀನ್‌ಪೀಸ್ ಇಂಡಿಯಾ ಪ್ರಕಟಿಸಿದ ವರದಿ ಸರ್ಕಾರಕ್ಕೆ ಇರುಸುಮುರುಸು ತಂದಿತು. ದೇಶದ ಮೇಲ್ವರ್ಗ ತಳವರ್ಗಕ್ಕಿಂತ ತಲೆಗೆ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು ಇಂಗಾಲ ಉಗುಳುತ್ತಿದೆ, ಕೋಟ್ಯಂತರ ಬಡವರ ಕಡಿಮೆ ಬಳಕೆಯಿಂದಾಗಿ ಸರಾಸರಿ ಚೆನ್ನಾಗಿ ಕಾಣುತ್ತಿದೆ ಎಂದು ಅದು ಹೇಳಿತು. ಅಗರ್‌ವಾಲ್ ಮತ್ತು ನಾರಾಯಣ್ ಬಳಸಿದ ಅಳತೆಗೋಲನ್ನು ಮನೆಯೊಳಗೆ ತಿರುಗಿಸಿದಂತಾಯಿತು. 2008ರ ಜೂನ್ 30ರಂದು ಸರ್ಕಾರ ಎಂಟು ಅಭಿಯಾನಗಳ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. ರಾಜ್ಯಗಳೂ ತಮ್ಮ ತಮ್ಮ ಯೋಜನೆ ಬರೆದವು.

2009ರ ಕೋಪನ್‌ಹೇಗನ್ ಸಮ್ಮೇಳನಕ್ಕೆ ಹೊರಡುವ ಮುನ್ನ ಪರಿಸರ ಸಚಿವ ಜೈರಾಮ್ ರಮೇಶ್ ಹಳೆಯ ಪಟ್ಟು ಸಡಿಲಿಸಿದರು. ಉತ್ಪಾದನೆಯ ಪ್ರತಿ ರೂಪಾಯಿಗೆ ಉಗುಳುವ ಇಂಗಾಲವನ್ನು 2005ರ ಮಟ್ಟದಿಂದ 2020ರ ಹೊತ್ತಿಗೆ ಶೇ 20ರಿಂದ 25ರಷ್ಟು ತಗ್ಗಿಸುವುದಾಗಿ ಭಾರತ ತಾನಾಗಿ ಘೋಷಿಸಿತು. ಸಂಧಾನ ತಂಡದ ಹಿರಿಯರಲ್ಲೇ ಅಸಮಾಧಾನ ಹೊಗೆಯಾಡಿತು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಶತಕೋಟಿ ಡಾಲರ್ ಹವಾಮಾನ ನೆರವು ಎಂದು ಶ್ರೀಮಂತ ದೇಶಗಳು ಮಾತು ಕೊಟ್ಟದ್ದೂ ಅಲ್ಲಿಯೇ. ಆ ಮಾತು ಹೇಳಿದ ಗಡುವಿಗೆ ನಡೆಯಲಿಲ್ಲ.

ಪಶ್ಚಿಮ ಘಟ್ಟದ ಜಗಳ

ಜೈರಾಮ್ ರಮೇಶ್ ಅವರೇ 2010ರಲ್ಲಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ ನೇಮಿಸಿದರು. 2011ರ ಆಗಸ್ಟ್‌ನಲ್ಲಿ ವರದಿ ಸಿದ್ಧವಾಯಿತು. ಇಡೀ ಘಟ್ಟವನ್ನು ಮೂರು ಸ್ತರದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಅಂತಿಮ ಗೆರೆ ಎಳೆಯುವ ಅಧಿಕಾರ ಗ್ರಾಮಸಭೆಗಳಿಗೆ ಇರಲಿ ಎಂದು ಅದು ಹೇಳಿತ್ತು. ಗ್ರಾಮಸಭೆಗಳಿಗೆ ಕೊಡುವುದಿರಲಿ, ಸಚಿವಾಲಯ ವರದಿಯನ್ನೇ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನ ಅರ್ಜಿ ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಅಷ್ಟು ಹೊತ್ತಿಗೆ ವರದಿಗಿಂತ ಮೊದಲು ವದಂತಿ ಹಳ್ಳಿ ತಲುಪಿತ್ತು: ಒಕ್ಕಲೆಬ್ಬಿಸುತ್ತಾರೆ, ಮನೆ ಕಟ್ಟಲು ಬಿಡುವುದಿಲ್ಲ, ತೋಟಕ್ಕೆ ಗೊಬ್ಬರ ಹಾಕಲು ಬಿಡುವುದಿಲ್ಲ.

ವಿರೋಧವನ್ನೆಲ್ಲ ಗಣಿ ಮತ್ತು ರೆಸಾರ್ಟ್ ಕುಳಗಳ ಕೈವಾಡ ಎಂದು ತಳ್ಳಿಹಾಕುವವರಿದ್ದಾರೆ. ಅದು ಅರ್ಧ ಸತ್ಯ. ಅರಣ್ಯ ಇಲಾಖೆಯೊಂದಿಗೆ ತಲೆಮಾರುಗಳಿಂದ ಏಗಿದ ಮಲೆನಾಡಿನ ರೈತನಿಗೆ ದೆಹಲಿಯ ಯಾವ ಗೆರೆಯ ಮೇಲೂ ನಂಬಿಕೆ ಹುಟ್ಟದಿದ್ದರೆ ಅದಕ್ಕೆ ಕಾರಣಗಳಿವೆ. ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅವರ ಎರಡನೇ ಸಮಿತಿ 2013ರಲ್ಲಿ ಉಪಗ್ರಹ ಚಿತ್ರಗಳ ಆಧಾರದಿಂದ ಸೂಕ್ಷ್ಮ ಪ್ರದೇಶವನ್ನು ಘಟ್ಟದ ಶೇ 37ಕ್ಕೆ, ಅಂದರೆ ಸುಮಾರು 60 ಸಾವಿರ ಚದರ ಕಿ.ಮೀ.ಗೆ ಇಳಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಗ್ರಾಮಸಭೆಯ ಮಾತು ಹಿಂದೆ ಸರಿಯಿತು, ಆದರೂ ವಿರೋಧ ತಗ್ಗಲಿಲ್ಲ.

ಮಳೆ ಮಾತ್ರ ಯಾವ ಅಧಿಸೂಚನೆಗೂ ಕಾಯಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂದಿನ ಮಳೆ ತಾಪ ಏರಿಕೆಯಿಂದ ಸುಮಾರು ಶೇ 10ರಷ್ಟು ಬಿರುಸಾಗಿತ್ತೆಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಅಂದಾಜಿಸಿತು. ವಯನಾಡಿನ ಕುಸಿತದ ಮಾರನೆಯ ದಿನವೇ ಕೇಂದ್ರ ಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು.

ಪಾವಗಡದ ಸೋಲಾರ್

2015ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಭಾರತದ ಭಾಷೆ ಬದಲಾಗಿತ್ತು. ನ್ಯಾಯದ ವಾದದ ಜೊತೆಗೆ ಸೂರ್ಯಶಕ್ತಿಯ ಹುರುಪು ಸೇರಿತು. ಫ್ರಾನ್ಸ್ ಜೊತೆಗೂಡಿ ಅಂತರರಾಷ್ಟ್ರೀಯ ಸೌರ ಒಕ್ಕೂಟ ಕಟ್ಟಿತು. ಆ ಹುರುಪಿನ ಭಾರ ಬಿದ್ದದ್ದು ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡದಂಥ ತಾಲ್ಲೂಕುಗಳ ನೆಲದ ಮೇಲೆ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು.

ಇಲ್ಲಿ ಸರ್ಕಾರ ಒಂದು ಜಾಣ ಕೆಲಸ ಮಾಡಿತು: ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಿನಲ್ಲೇ. ಮಳೆ ಕೈಕೊಟ್ಟರೆ ಕಡಲೆಕಾಯಿ ಬೆಳೆ ಕೈಗೆ ಬಾರದ ಸೀಮೆಯಲ್ಲಿ ಇದು ದೊಡ್ಡ ಆಸರೆ, ನೂರಾರು ಎಕರೆ ಉಳ್ಳವರಿಗಂತೂ ಹಬ್ಬ. ಆದರೆ ಗುತ್ತಿಗೆ ಹಣ ಪಹಣಿ ಹಿಡಿದು ಬರುತ್ತದೆ. ಪಹಣಿ ಇಲ್ಲದವನಿಗೆ ಬರುವುದಿಲ್ಲ. ಕಳೆ ಕೀಳುವ ಕೂಲಿ ಹೋಯಿತು, ಕುರಿ ಮೇಕೆ ಮೇಯುವ ಬಯಲಿಗೆ ಬೇಲಿ ಬಿತ್ತು. ಭೂರಹಿತರಿಗೆ ಸಿಕ್ಕಿದ್ದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲವೇ ಕೆಲಸ. ಹೊಗೆಯಿಲ್ಲದ ವಿದ್ಯುತ್ತಿಗಾಗಿ ಕೂಲಿ ಬಿಟ್ಟುಕೊಟ್ಟ ಈ ಜನ ಯಾವ ಅಂತರರಾಷ್ಟ್ರೀಯ ಲೆಕ್ಕದಲ್ಲೂ ಸಾಲಕೊಟ್ಟವರೆಂದು ನಮೂದಾಗಿಲ್ಲ.

ಸಮುದಾಯಗಳ ದಾರಿ

ಜನ ಸುಮ್ಮನೆ ಕೂತಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ನವಣೆ, ಸಾಮೆಯಂಥ ಸಿರಿಧಾನ್ಯಗಳ ಬೀಜ ಬ್ಯಾಂಕ್ ಕಟ್ಟಿ, ಸಂಸ್ಕರಣಾ ಘಟಕ ನಡೆಸಿ, ಮಳೆಯಾಶ್ರಿತ ಹೊಲಗಳಿಗೆ ಬಹುಬೆಳೆ ಮರಳಿ ತಂದರು. ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆ ಅವರಿಗಿತ್ತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು. ಸಿರಿಧಾನ್ಯ ಅಲ್ಲಿ ಹೊಸ ಆವಿಷ್ಕಾರವೇನೂ ಆಗಿರಲಿಲ್ಲ. ಅದನ್ನು ಹೊಲದಿಂದ ಹೊರಹಾಕಿದ್ದು ಅಕ್ಕಿ, ಗೋಧಿ, ವಾಣಿಜ್ಯ ಬೆಳೆಗಳ ಬೆನ್ನಿಗೆ ನಿಂತ ನೀತಿ.

ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲಿ ಇಂಗಾಲ ಸಮತೋಲದ ಗುರಿ ಹಾಕಿಕೊಂಡು, ಮರ ಕಡಿಯದ ರೈತನಿಗೆ ಮರದ ಈಡಿನ ಮೇಲೆ ಸಾಲ ಕೊಡುವ ಯೋಜನೆ ತಂದಿತು. ಅಹಮದಾಬಾದ್ ನಗರ 2010ರ ಮೇ ತಿಂಗಳ ಬಿಸಿಗೆ ವಾಡಿಕೆಗಿಂತ 1,344 ಹೆಚ್ಚು ಸಾವು ಕಂಡು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಶಾಖ ಕ್ರಿಯಾಯೋಜನೆ ರೂಪಿಸಿತು. ಒಡಿಶಾದ ಸಾತಭಾಯದಲ್ಲಿ ಇವಾವುದಕ್ಕೂ ಅವಕಾಶವಿರಲಿಲ್ಲ. ಕಡಲು ಊರನ್ನು ನುಂಗುತ್ತ ಬಂತು, ಜನ ಬಾಗಪಾಟಿಯಾ ಎಂಬ ಪುನರ್ವಸತಿ ಕಾಲೊನಿಗೆ ತೆರಳಿದರು, ಗ್ರಾಮದೇವತೆಯರೂ ಅವರ ಹಿಂದೆ ಬಂದರು.

ಪ್ರಶ್ನಿಸುವವರಿಗೆ ಸಿಕ್ಕ ಸ್ವಾಗತ ಬೇರೆ. 2021ರ ಫೆಬ್ರುವರಿಯಲ್ಲಿ ರೈತ ಚಳವಳಿಗೆ ಬೆಂಬಲ ಕೋರುವ ಕೈಪಿಡಿಯ ಸಂಬಂಧ ಬೆಂಗಳೂರಿನ ಯುವ ಹವಾಮಾನ ಕಾರ್ಯಕರ್ತೆ ದಿಶಾ ರವಿ ಅವರನ್ನು ದೆಹಲಿ ಪೊಲೀಸರು ದೇಶದ್ರೋಹದ ಆರೋಪದಡಿ ಬಂಧಿಸಿದರು. ಹತ್ತು ದಿನಗಳ ಬಳಿಕ ಜಾಮೀನು ದೊರೆಯಿತು.

ಇತ್ತೀಚಿನ ಹಂತ

2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ 2070ಕ್ಕೆ ನಿವ್ವಳ ಶೂನ್ಯದ ಗುರಿ ಸಾರಿದರು. ಕಲ್ಲಿದ್ದಲನ್ನು ಪೂರ್ತಿ ಕೈಬಿಡುವ ಮಾತನ್ನು ಹಂತಹಂತವಾಗಿ ತಗ್ಗಿಸುವ ಮಾತಾಗಿ ತಿದ್ದಿಸಿದ್ದೂ ಅಲ್ಲಿ ಭಾರತವೇ. 2024ರ ಬಾಕು ಸಮ್ಮೇಳನ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ನೆರವು ಎಂದಾಗ ಭಾರತದ ಪ್ರತಿನಿಧಿ ಸಭೆಯಲ್ಲೇ ಎದ್ದು ಅದನ್ನು ತಿರಸ್ಕರಿಸಿದರು. 2025ರಲ್ಲಿ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಮೂಲಗಳದ್ದಾಯಿತು. ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಸಿಂಹಪಾಲು ಈಗಲೂ ಕಲ್ಲಿದ್ದಲಿನದು.

2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್, ಎರ್ಲಡ್ಡು ಹಕ್ಕಿಯ ನೆಲೆಯಲ್ಲಿ ಸೌರ ವಿದ್ಯುತ್ ತಂತಿ ಎಳೆಯುವ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಕವಾಗಿದೆ ಎಂದಿತು. ಈ ಹಕ್ಕನ್ನು ಹಿಡಿದು ಪಾವಗಡದ ಕೂಲಿಕಾರನೋ ಕೊಡಗಿನ ನಿರಾಶ್ರಿತನೋ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ಹೇಳುವ ಕಾಯ್ದೆ ಇಲ್ಲ. ಹವಾಮಾನ ಬದಲಾವಣೆಗೆಂದೇ ಸಮಗ್ರ ಕಾನೂನು ದೇಶದಲ್ಲಿಲ್ಲ ಎಂದು ಅದೇ ತೀರ್ಪು ದಾಖಲಿಸಿದೆ.